ಹಂದಿ ಜ್ವರ: ಶೆಡ್ಡಿಗೆ ಬರದಂತೆ ತಡೆಯುವುದು, ಬಂದರೆ ಪಕ್ಕದೂರಿಗೆ ಹೋಗದಂತೆ ನಿಲ್ಲಿಸುವುದು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಂದಿ ಸಾಕಣೆದಾರರಿಗೆ ಸಮಗ್ರ ಮಾರ್ಗದರ್ಶಿ

ಹಿಂಡಿಗೆ ಹಿಂಡನ್ನೇ ಖಾಲಿ ಮಾಡುವ ವೈರಸ್ ಜ್ವರಗಳು ಎರಡಿವೆ. ಒಂದು ನಮ್ಮಲ್ಲಿ ಬಹಳ ಕಾಲದಿಂದ ಇರುವ ಕ್ಲಾಸಿಕಲ್ ಹಂದಿ ಜ್ವರ. ಇದಕ್ಕೆ ಲಸಿಕೆ ಇದೆ. ಇನ್ನೊಂದು ಆಫ್ರಿಕನ್ ಹಂದಿ ಜ್ವರ. 1921ರಲ್ಲಿ ಕೀನ್ಯಾದಿಂದ ಮೊದಲ ವರದಿ ಬಂದ ಈ ರೋಗ 2007ರಲ್ಲಿ ಜಾರ್ಜಿಯಾಕ್ಕೆ, 2018ರಲ್ಲಿ ಚೀನಾಕ್ಕೆ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಕ್ಕೆ ಬಂತು. 2022ರ ಜುಲೈನಲ್ಲಿ ಕೇರಳದ ವಯನಾಡಿನಲ್ಲಿ ಪತ್ತೆಯಾಯಿತು. ಇದಕ್ಕೆ ಔಷಧಿ ಇಲ್ಲ, ನಮ್ಮ ದೇಶದಲ್ಲಿ ಹಾಕಿಸಲು ಲಸಿಕೆಯೂ ಇಲ್ಲ. ತೀವ್ರ ರೂಪದಲ್ಲಿ ಬಂದರೆ ಹಿಂಡಿನಲ್ಲಿ ಉಳಿಯುವ ಹಂದಿ ಅಪರೂಪ.

ಎರಡೂ ಮನುಷ್ಯರಿಗೆ ಹರಡುವುದಿಲ್ಲ. ಜನರಲ್ಲಿ ಕಾಣುವ ಎಚ್1ಎನ್1 ಬೇರೆಯೇ ರೋಗ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡನ್ನೂ ಕಣ್ಣಿನಿಂದ ನೋಡಿ ಬೇರೆ ಮಾಡಲು ಅನುಭವಿ ವೈದ್ಯರಿಗೂ ಆಗುವುದಿಲ್ಲ, ಪ್ರಯೋಗಾಲಯವೇ ಹೇಳಬೇಕು. ಹೀಗಾಗಿ ಸಾಕಣೆದಾರರ ಕೈಯಲ್ಲಿ ಇರುವುದು ಮೂರು ಕೆಲಸ: ಮೊದಲನೆಯದಕ್ಕೆ ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸುವುದು, ಎರಡನೆಯದಕ್ಕೆ ಗೇಟು ಭದ್ರ ಮಾಡುವುದು, ಮತ್ತು ಮೊದಲ ಹಂದಿ ಬಿದ್ದ ದಿನ ಉಳಿದವನ್ನು ಮಾರದಿರುವುದು. ಮೂರನೆಯದೇ ಎಲ್ಲಕ್ಕಿಂತ ಕಷ್ಟ. ಒಂದೆರಡು ಹಂದಿ ಸತ್ತ ಕೂಡಲೇ 'ಬಂದಷ್ಟು ಬರಲಿ' ಎಂದು ಮಿಕ್ಕವನ್ನು ಅರ್ಧ ಬೆಲೆಗೆ ಗಾಡಿ ಹತ್ತಿಸುತ್ತಾರೆ. ರೋಗ ಊರಿಂದ ಊರಿಗೆ ಹೋಗುವುದು ಹೆಚ್ಚಾಗಿ ಆ ಗಾಡಿಯಲ್ಲೇ.

ರೋಗ ಬರುವ ದಾರಿಗಳು

ವೈರಸ್ ಗಾಳಿಯಲ್ಲಿ ಹಾರಿ ಹತ್ತೂರು ದಾಟುವುದಿಲ್ಲ. ಯಾರೋ ತರುತ್ತಾರೆ, ಯಾವುದರಲ್ಲೋ ಬರುತ್ತದೆ. ನಮ್ಮ ಭಾಗದಲ್ಲಿ ಅಪಾಯದ ದಾರಿಗಳನ್ನು ಹೀಗೆ ಸಾಲಿಗಿಡಬಹುದು: ಹೊಸದಾಗಿ ಕೊಂಡ ಹಂದಿ, ಹೋಟೆಲ್ ಮುಸುರೆ, ವ್ಯಾಪಾರಿಯ ಗಾಡಿ ಮತ್ತು ಹಗ್ಗ, ಮನೆಯಿಂದ ಮನೆಗೆ ಹೋಗುವ ಬೀಜದ ಹಂದಿ, ಬೀದಿಯಲ್ಲಿ ತಿರುಗುವ ಹಂದಿ. ಬೀದರ್ ಮತ್ತು ಕಲಬುರಗಿ ಎರಡು ರಾಜ್ಯಗಳಿಗೆ ಗಡಿ ಹಂಚಿಕೊಂಡಿವೆ. ಜಹೀರಾಬಾದ್, ತಾಂಡೂರು, ಉದಗೀರ್, ಅಕ್ಕಲಕೋಟೆ ಯಾವುದೂ ದೂರವಲ್ಲ. ಮೂಲ ಗೊತ್ತಿಲ್ಲದ ಮರಿ ಅಗ್ಗಕ್ಕೆ ಸಿಗುತ್ತದೆ ಎಂದು ಗಡಿಯಾಚೆಯಿಂದ ತರುವ ಮುಂಚೆ, ಅದು ಯಾವ ಶೆಡ್ಡಿನಲ್ಲಿ ಹುಟ್ಟಿದ್ದು, ಅಲ್ಲಿ ಕಳೆದ ಒಂದು ತಿಂಗಳಲ್ಲಿ ಸಾವು ಆಗಿದೆಯೇ ಎಂದು ಕೇಳಿ. ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಚಿಂಚೋಳಿ ಕಾಡಿನ ಅಂಚಿನಲ್ಲಿ, ಭೀಮಾ ದಂಡೆಯ ಕಬ್ಬಿನ ಗದ್ದೆಗಳ ಬಳಿ ಸಾಕುವವರು ಕಾಡುಹಂದಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದೇ ವೈರಸ್ ಅವಕ್ಕೂ ತಗಲುತ್ತದೆ. ಸತ್ತ ಕಾಡುಹಂದಿಯ ಮಾಂಸ ಮನೆಗೆ ತಂದು, ತೊಳೆದ ನೀರು ಮತ್ತು ಮೂಳೆಯನ್ನು ಸಾಕುಹಂದಿಗೆ ಹಾಕುವುದು ರೋಗವನ್ನು ಕೈಯಾರೆ ಕರೆತಂದಂತೆ.

ಬೇಲಿ, ನೆಲ, ಚಪ್ಪಲಿ

ಹಂದಿಯನ್ನು ಬಿಟ್ಟು ಮೇಯಿಸುವವರೆಗೆ ಮುಂದಿನ ಯಾವ ಮಾತೂ ಫಲ ಕೊಡುವುದಿಲ್ಲ. ಕಟ್ಟಿ ಸಾಕುವುದು ಮೊದಲ ಹೆಜ್ಜೆ. ಸುತ್ತ ನಾಲ್ಕು ಅಡಿ ಎತ್ತರದ ಕಲ್ಲಿನ ಗೋಡೆ ಅಥವಾ ಚೈನ್‌ಲಿಂಕ್ ಬೇಲಿ ಸಾಕು, ಆದರೆ ಚೈನ್‌ಲಿಂಕ್ ಹಾಕಿದರೆ ಕೆಳಗಿನ ಒಂದು ಅಡಿಯನ್ನು ನೆಲದೊಳಗೆ ಹೂಳಿ. ಹಂದಿ ಮೂತಿಯಿಂದ ಮಣ್ಣೆತ್ತಿ ಹೊರಬೀಳುವುದು, ಬೀದಿ ಹಂದಿ ಒಳಬರುವುದು ಎರಡೂ ಅಲ್ಲೇ. ಸಾಧ್ಯವಿದ್ದರೆ ಮೂರು ಅಡಿ ಅಂತರ ಬಿಟ್ಟು ಹೊರಗೆ ಇನ್ನೊಂದು ಮುಳ್ಳುಬೇಲಿ. ಮೂತಿಗೆ ಮೂತಿ ತಾಗಬಾರದು ಎಂಬುದಷ್ಟೇ ಉದ್ದೇಶ.

ನೆಲಕ್ಕೆ ನಮ್ಮ ಕಡೆ ಶಹಾಬಾದ್ ಫರಸಿ ಹಾಸುವುದು ರೂಢಿ. ಅಗ್ಗ, ಗಟ್ಟಿ, ತೊಳೆಯಲು ಸುಲಭ. ತೊಂದರೆ ಇರುವುದು ಕಲ್ಲಿನಲ್ಲಿ ಅಲ್ಲ, ಎರಡು ಕಲ್ಲಿನ ನಡುವಿನ ಸಂದಿನಲ್ಲಿ. ಉಚ್ಚೆ, ಸಗಣಿ, ರಕ್ತ ಅಲ್ಲಿ ಇಳಿದು ಕೂತರೆ ಮೇಲೆ ಸುರಿದ ಔಷಧಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಫರಸಿ ಹಾಸುವಾಗಲೇ ಸಂದುಗಳನ್ನು ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳಿನ ಗಾರೆಯಿಂದ ತುಂಬಿಸಿ. ಮೀಟರಿಗೆ ಮೂರು ಸೆಂಟಿಮೀಟರ್ ಇಳಿಜಾರು ಇಟ್ಟರೆ ನೀರು ನಿಲ್ಲದು. ಪಾಲಿಶ್ ಮಾಡಿದ ಫರಸಿ ಬೇಡ. ಒದ್ದೆಯಾದಾಗ ಗಬ್ಬದ ಹಂದಿ ಜಾರಿ ಬೀಳುತ್ತದೆ.

ಗೇಟಿನ ಬಳಿ ಔಷಧಿ ನೀರಿನ ತೊಟ್ಟಿ ಇಡಬೇಕೆಂದು ಎಲ್ಲರೂ ಹೇಳುತ್ತಾರೆ. ಇಡಿ. ಆದರೆ ಅದನ್ನೇ ನಂಬಿ ಕೂಡಬೇಡಿ. ಸಗಣಿ ಮೆತ್ತಿದ ಚಪ್ಪಲಿಯನ್ನು ಒಂದು ಕ್ಷಣ ಅದ್ದಿ ತೆಗೆದರೆ ಏನೂ ಸಾಯುವುದಿಲ್ಲ. ಔಷಧಿ ಕೆಲಸ ಮಾಡಲು ಅರ್ಧ ಗಂಟೆ ಸಂಪರ್ಕ ಬೇಕು. ಏಪ್ರಿಲ್, ಮೇ ಬಿಸಿಲಿಗೆ ತೊಟ್ಟಿಯ ನೀರು ಮಧ್ಯಾಹ್ನದೊಳಗೆ ಆರಿಯೇ ಹೋಗುತ್ತದೆ. ಇದಕ್ಕಿಂತ ಹತ್ತು ಪಾಲು ಮೇಲು, ಶೆಡ್ಡಿನೊಳಗೇ ಬಿಟ್ಟಿರುವ ಒಂದು ಜೊತೆ ಗಮ್‌ಬೂಟು ಅಥವಾ ರಬ್ಬರ್ ಚಪ್ಪಲಿ. ಹೊರಗಿನದು ಹೊರಗೆ, ಒಳಗಿನದು ಒಳಗೆ. ನಡುವೆ ಒಂದು ಅಡ್ಡ ಕಲ್ಲು ಇಟ್ಟರೆ ಮಕ್ಕಳಿಗೂ ಗೊತ್ತಾಗುತ್ತದೆ.

ವ್ಯಾಪಾರಿ ಬಂದಾಗ ಹಂದಿಯೇ ಹೊರಗೆ ಹೋಗಬೇಕು, ವ್ಯಾಪಾರಿ ಒಳಗೆ ಬರಬಾರದು. ಆತ ಅದೇ ಬೆಳಿಗ್ಗೆ ಇನ್ನೆರಡು ಶೆಡ್ ತಿರುಗಿ ಬಂದಿರುತ್ತಾನೆ. ತೂಕದ ಕಾಟಾ, ಹಗ್ಗ, ಕೋಲು ನಿಮ್ಮದೇ ಇರಲಿ. ಗಾಡಿ ಬೇಲಿಯಾಚೆ ನಿಲ್ಲಲಿ, ಹತ್ತಿಸಿದ ಹಂದಿ ವ್ಯಾಪಾರ ಮುರಿದರೂ ಹಿಂದಕ್ಕೆ ಬರಕೂಡದು.

ಬೀಜದ ಹಂದಿಯನ್ನು ಬಾಡಿಗೆಗೆ ತರಿಸುವ ಪದ್ಧತಿ ನಿಲ್ಲಿಸುವುದು ಒಳ್ಳೆಯದು. ಎಂಟು ಹತ್ತು ಹೆಣ್ಣು ಹಂದಿ ಇದ್ದರೆ ಸ್ವಂತ ಗಂಡು ಇಟ್ಟುಕೊಳ್ಳುವುದು ಲಾಭವೇ.

ಮುಸುರೆ

ನಮ್ಮಲ್ಲಿ ಅರ್ಧಕ್ಕರ್ಧ ಹಂದಿ ಸಾಕಣೆ ನಿಂತಿರುವುದು ಹೋಟೆಲ್, ಹಾಸ್ಟೆಲ್, ಮದುವೆ ಮಂಟಪ, ಢಾಬಾಗಳ ಮುಸುರೆಯ ಮೇಲೆ. ಅದನ್ನು ಬಿಟ್ಟುಬಿಡಿ ಎನ್ನುವುದು ಬಾಯಿಮಾತಿಗೆ ಸುಲಭ, ಮೇವಿನ ಖರ್ಚು ಕಟ್ಟುವವರಿಗೆ ಗೊತ್ತು. ಆದ್ದರಿಂದ ಸರಿಯಾಗಿ ಕುದಿಸುವುದನ್ನು ಕಲಿಯಬೇಕು. ಅಪಾಯ ಇರುವುದು ಅನ್ನ, ರೊಟ್ಟಿಯಲ್ಲಿ ಅಲ್ಲ, ಅದರಲ್ಲಿ ಬೆರೆತು ಬರುವ ಹಂದಿ ಮಾಂಸದ ಚೂರು, ಮೂಳೆ, ಮಾಂಸ ತೊಳೆದ ನೀರಿನಲ್ಲಿ. ಆಫ್ರಿಕನ್ ಜ್ವರದ ವೈರಸ್ ಉಪ್ಪು ಹಾಕಿದ ಮಾಂಸದಲ್ಲಿ ತಿಂಗಳುಗಟ್ಟಲೆ, ಫ್ರೀಜರಿನಲ್ಲಿ ಗಡ್ಡೆಕಟ್ಟಿಸಿದ ಮಾಂಸದಲ್ಲಿ ಅದಕ್ಕೂ ಹೆಚ್ಚು ಕಾಲ ಬದುಕಿರುತ್ತದೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ರಕ್ತದಲ್ಲಿ 18 ತಿಂಗಳವರೆಗೆ ಇದ್ದದ್ದು ದಾಖಲಾಗಿದೆ. ಹುಮನಾಬಾದ್ ಮೇಲೆ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯ ಢಾಬಾ ಆಗಲಿ, ವಾಡಿ ಜಂಕ್ಷನ್‌ನಲ್ಲಿ ಇಳಿಯುವ ರೈಲು ಊಟದ ಕಸ ಆಗಲಿ, ಯಾವ ರಾಜ್ಯದ ಮಾಂಸ ಅದರಲ್ಲಿದೆ ಎಂದು ಹೇಳಲಾಗದು. ರೈಲಿನ ಕಸವನ್ನಂತೂ ತರಲೇಬೇಡಿ.

ಕುದಿಸುವ ಕ್ರಮ ಹೀಗೆ. 200 ಲೀಟರಿನ ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ ಎರಡು ತೊಟ್ಟಿ ಮಾಡಿಸಿ, ಕಲ್ಲಿನ ಒಲೆಯ ಮೇಲೆ ಕೂಡಿಸಿ. ಮುಸುರೆಯನ್ನು ಮೊದಲು ಸೋಸಿ ಪ್ಲಾಸ್ಟಿಕ್, ಹಲ್ಲುಕಡ್ಡಿ, ದೊಡ್ಡ ಮೂಳೆ ತೆಗೆಯಿರಿ. ದೊಡ್ಡ ಮಾಂಸದ ತುಂಡನ್ನು ಕತ್ತರಿಸಿ ಹಾಕಿ, ಇಲ್ಲವಾದರೆ ಒಳಭಾಗ ಬೇಯುವುದಿಲ್ಲ. ತೊಟ್ಟಿಯ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿಸಿ, ಗಟ್ಟಿಯಿದ್ದರೆ ನೀರು ಬೆರೆಸಿ. ತೊಗರಿ ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ, ಆದರೆ ಬೇಗ ಆರುತ್ತದೆ. ಕೊನೆಯವರೆಗೆ ಉರಿ ನಿಲ್ಲಿಸಲು ಜಾಲಿ ತುಂಡು ಬೆರೆಸಿ. ನಡುಭಾಗ ಕೊತಕೊತ ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ ಒಂದು ಗಂಟೆ, ಉದ್ದಕೋಲಿನಿಂದ ತಳ ಕೆರೆದು ತಿರುವುತ್ತಾ ಇರಬೇಕು. ಅಂಚಿನಲ್ಲಿ ಗುಳ್ಳೆ ಬಂದಾಕ್ಷಣ ಲೆಕ್ಕ ಹಾಕಿದರೆ ನಡುವಿನ ಮುದ್ದೆ ಇನ್ನೂ ಉಗುರು ಬೆಚ್ಚಗೇ ಇರುತ್ತದೆ.

ಇಷ್ಟು ಮಾಡಿಯೂ ಕೆಡುವುದು ಬಕೆಟ್ಟಿನಲ್ಲಿ. ಹಸಿ ಮುಸುರೆ ತಂದ ಬಕೆಟ್ಟಿನಲ್ಲೇ ಬೆಂದದ್ದನ್ನು ತೋಡಿ ಹಾಕಿದರೆ ಕುದಿಸಿದ ಕಟ್ಟಿಗೆ ದಂಡ. ಹಸಿಗೆ ಕೆಂಪು, ಬೆಂದದ್ದಕ್ಕೆ ನೀಲಿ ಎಂದು ಬಣ್ಣ ಬೇರೆ ಮಾಡಿ. ಕೆಂಪು ಬಕೆಟ್ ಬೇಲಿಯೊಳಗೆ ಬರಲೇಬಾರದು. ಒಲೆಯೂ ಬೇಲಿಯ ಹೊರಗೇ ಇರಲಿ, ನಾಯಿ ಕಾಗೆ ಮುಟ್ಟದಂತೆ ಮುಚ್ಚಳ ಇರಲಿ.

ಸುತ್ತಮುತ್ತ ಆಫ್ರಿಕನ್ ಜ್ವರ ಕಂಡಿದೆ ಎಂಬ ಸುದ್ದಿ ಬಂದರೆ ಕುದಿಸಿದ ಮುಸುರೆಯೂ ಬೇಡ. ಆಗ ಇಲ್ಲಿ ಸಿಗುವ ಪದಾರ್ಥಗಳಿಂದಲೇ ನೂರು ಕೆಜಿ ಮೇವು ಕಲಸಿಕೊಳ್ಳಬಹುದು: ನುಚ್ಚು ಮಾಡಿದ ಮೆಕ್ಕೆಜೋಳ ಅಥವಾ ಜೋಳ 55 ಕೆಜಿ, ಸೋಯಾ ಹಿಂಡಿ 17, ಗೋಧಿ ಬೂಸಾ ಅಥವಾ ಅಕ್ಕಿ ತೌಡು 15, ತೊಗರಿ ಚುನ್ನಿ 10, ಖನಿಜ ಮಿಶ್ರಣ 2.5, ಉಪ್ಪು ಅರ್ಧ ಕೆಜಿ. ಕಲಬುರಗಿಯ ದಾಲ್ ಮಿಲ್ಲುಗಳಿಂದ ಚುನ್ನಿ ಅಗ್ಗವಾಗಿ ಸಿಗುತ್ತದೆಂದು ಅದನ್ನೇ ಹೆಚ್ಚಿಸಬೇಡಿ, ಹೆಚ್ಚಾದರೆ ಪ್ರೋಟೀನ್ ಜೀರ್ಣವಾಗದೆ ಬೆಳವಣಿಗೆ ಕುಂಠಿತವಾಗುತ್ತದೆ. ಬೀದರ್ ಕಡೆ ಹೊಲದ ಸೋಯಾ ಕಾಳನ್ನೇ ಹಾಕುವುದಾದರೆ ಹುರಿದು ಹಾಕಬೇಕು, ಹಸಿಯದು ಅದೇ ತೊಂದರೆ ಕೊಡುತ್ತದೆ.

ಲಸಿಕೆ

ಕ್ಲಾಸಿಕಲ್ ಜ್ವರಕ್ಕೆ ಎರಡು ಬಗೆಯ ಲಸಿಕೆ ಬಳಕೆಯಲ್ಲಿವೆ. ಮೊಲದಲ್ಲಿ ಬೆಳೆಸಿ ತಯಾರಿಸುವ ಹಳೆಯ ಲಸಿಕೆ ಒಂದು. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಜೀವಕೋಶಗಳಲ್ಲಿ ಬೆಳೆಸಿ ರೂಪಿಸಿ 2020ರಲ್ಲಿ ಬಿಡುಗಡೆ ಮಾಡಿದ್ದು ಇನ್ನೊಂದು. ಎರಡೂ ಜೀವಂತ ವೈರಸ್ ಲಸಿಕೆಗಳು, ಹಾಗಾಗಿ ಬಿಸಿಲಿಗೆ ಸಾಯುತ್ತವೆ. ಕಲಬುರಗಿಯ 42 ಡಿಗ್ರಿಯಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ತಂದ ಲಸಿಕೆ ಬರಿ ನೀರು. ಐಸ್ ಪ್ಯಾಕ್ ತುಂಬಿದ ಪೆಟ್ಟಿಗೆ ಇಲ್ಲದೆ ಲಸಿಕೆ ತರಬೇಡಿ, ತಂದವರಿಂದ ಹಾಕಿಸಿಕೊಳ್ಳಲೂ ಬೇಡಿ.

ಲಸಿಕೆ ಹಾಕಿಸಿಕೊಂಡ ತಾಯಿಯ ಮರಿಗಳಿಗೆ ಎರಡು ತಿಂಗಳ ಸುಮಾರಿಗೆ ಮೊದಲ ಡೋಸ್. ಅದಕ್ಕಿಂತ ಮುಂಚೆ ಹಾಕಿದರೆ ತಾಯಿಯ ಹಾಲಿನಿಂದ ಬಂದ ಪ್ರತಿರೋಧವೇ ಲಸಿಕೆಯನ್ನು ಕೊಂದುಬಿಡುತ್ತದೆ. ಮರಿಗೆ ಹಾಕಿಸಿದ್ದೆವು, ಆದರೂ ಸತ್ತವು ಎನ್ನುವ ದೂರಿಗೆ ಒಂದು ದೊಡ್ಡ ಕಾರಣ ಇದು. ತಾಯಿಗೆ ಲಸಿಕೆ ಆಗಿಲ್ಲದಿದ್ದರೆ ಮರಿಗೆ ಇನ್ನೂ ಬೇಗ ಹಾಕಬೇಕಾಗುತ್ತದೆ, ಈ ಮಾಹಿತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ. ದೊಡ್ಡ ಹಂದಿಗೆ ವರ್ಷಕ್ಕೊಮ್ಮೆ. ಹೆಣ್ಣು ಹಂದಿಗೆ ಗಬ್ಬ ಕಟ್ಟಿಸುವ ಎರಡು ವಾರ ಮುಂಚೆ ಹಾಕಿಸುವುದು ರೂಢಿ ಮಾಡಿಕೊಳ್ಳಿ. ಜಂತುಹುಳು ಔಷಧಿಯನ್ನು ಲಸಿಕೆಗೆ ಒಂದು ವಾರ ಮುಂಚೆಯೇ ಕೊಟ್ಟಿರಿ.

ಸೂಜಿ ಮತ್ತು ಸಿರಿಂಜನ್ನು ಸ್ಪಿರಿಟ್ ಅಥವಾ ಡೆಟಾಲ್‌ನಲ್ಲಿ ತೊಳೆಯಬಾರದು. ಒಳಗೆ ಉಳಿದ ಹನಿ ಜೀವಂತ ಲಸಿಕೆಯನ್ನು ನಾಶ ಮಾಡುತ್ತದೆ. ಇಪ್ಪತ್ತು ನಿಮಿಷ ನೀರಿನಲ್ಲಿ ಕುದಿಸಿ ಆರಿಸಿ. ಹಂದಿಗೊಂದು ಸೂಜಿ, ಇದರಲ್ಲಿ ರಿಯಾಯಿತಿ ಇಲ್ಲ. ಬಾಟಲಿ ಕಲಸಿದ ಮೇಲೆ ಐಸಿನ ಮೇಲೆಯೇ ಇಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು. ಒಂದು ಬಾಟಲಿಯಲ್ಲಿ ಹಲವು ಡೋಸ್ ಇರುವುದರಿಂದ ಓಣಿಯ ನಾಲ್ಕಾರು ಸಾಕಣೆದಾರರು ಸೇರಿ ಒಂದೇ ದಿನ ವೈದ್ಯರನ್ನು ಕರೆಸುವುದು ಜಾಣತನ. ಆದರೆ ಹಂದಿಗಳನ್ನು ಒಂದೆಡೆ ಗುಂಪುಗೂಡಿಸಬೇಡಿ. ಬೆಳಗಿನ ತಂಪಿನಲ್ಲಿ ತಂಡವೇ ಶೆಡ್ಡಿಂದ ಶೆಡ್ಡಿಗೆ, ಕೈಗವಸು ಮತ್ತು ಪಾದರಕ್ಷೆ ಬದಲಿಸುತ್ತಾ ಹೋಗಲಿ.

ದಿನಾಂಕ, ಬ್ಯಾಚ್ ಸಂಖ್ಯೆ, ಕಿವಿಯೋಲೆ ಸಂಖ್ಯೆ ಬರೆದಿಡಿ. ಇದಕ್ಕೆ ಇನ್ನೊಂದು ಉಪಯೋಗವಿದೆ. ಸರಿಯಾಗಿ ಲಸಿಕೆ ಆದ ಹಿಂಡಿನಲ್ಲಿ ಜ್ವರ ಬಂದು ಹಂದಿ ಸಾಯತೊಡಗಿದರೆ ವೈದ್ಯರು ಆಫ್ರಿಕನ್ ಜ್ವರವನ್ನೇ ಮೊದಲು ಶಂಕಿಸುತ್ತಾರೆ, ಮಾದರಿ ಆ ದಿನವೇ ಹೊರಡುತ್ತದೆ. ಲಸಿಕೆ ಆಗದ ಹಿಂಡಿನಲ್ಲಿ ಅದೋ ಇದೋ ಎಂಬ ಗೊಂದಲದಲ್ಲೇ ವಾರ ಕಳೆಯುತ್ತದೆ.

ಹೊಸ ಹಂದಿ ತಂದಾಗ

ಶೆಡ್ಡಿಂದ ಕನಿಷ್ಠ 20–30 ಮೀಟರ್ ದೂರದಲ್ಲಿ, ಗಾಳಿ ಬೀಸುವ ಕೆಳದಿಕ್ಕಿನಲ್ಲಿ ಬೇರೆ ಕೋಣೆ, ಬೇರೆ ಬಕೆಟ್, ಬೇರೆ ಪೊರಕೆ. ಪೂರ್ತಿ 30 ದಿನ. ಆಫ್ರಿಕನ್ ಜ್ವರ ಸೋಂಕು ತಗಲಿದ ಮೇಲೆ ಹೊರಬೀಳಲು 4ರಿಂದ 19 ದಿನ, ಕ್ಲಾಸಿಕಲ್ ಜ್ವರ ಸಾಮಾನ್ಯವಾಗಿ 2ರಿಂದ 14 ದಿನ ತೆಗೆದುಕೊಳ್ಳುತ್ತದೆ. ಒಂದು ವಾರ ಇಟ್ಟು ಚೆನ್ನಾಗಿದೆ ಎಂದು ಸೇರಿಸುವುದರಲ್ಲಿ ಅರ್ಥವಿಲ್ಲ. ಮೇವು ನೀರು ಹಾಕುವಾಗ ಮೊದಲು ಹಳೆ ಹಿಂಡು, ಕೊನೆಗೆ ಹೊಸದು.

ತಂದ ದಿನವೇ ಲಸಿಕೆ ಹಾಕಿಸಬೇಡಿ. ಪ್ರಯಾಣದ ದಣಿವು ಇಳಿಯಲು ಒಂದು ವಾರ ಬಿಡಿ. ಕೊನೆಯ ಎರಡು ವಾರ ನಿಮ್ಮ ಹಿಂಡಿನಿಂದ ಮಾರಲೆಂದು ಇಟ್ಟ ಒಂದು ಹಂದಿಯನ್ನು ಹೊಸದರ ಜೊತೆ ಬಿಡಿ. ಅದು ಸುಖವಾಗಿದ್ದರೆ ಮಾತ್ರ ಎಲ್ಲವನ್ನೂ ಸೇರಿಸಿ. ಈ ಪರೀಕ್ಷೆ ಯಾಕೆಂದರೆ, ಗಬ್ಬದ ನಡುಗಾಲದಲ್ಲಿ ತಾಯಿಗೆ ಕ್ಲಾಸಿಕಲ್ ಜ್ವರದ ಸೋಂಕು ತಗಲಿದ್ದರೆ ಹುಟ್ಟುವ ಮರಿ ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದು ತಿಂಗಳುಗಟ್ಟಲೆ ವೈರಸ್ ಹೊರಹಾಕುತ್ತಿರುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ, ಬೆಳೆಯದೆ ಸೊರಗಿದ ಮರಿಯನ್ನು ಕೊಳ್ಳಬೇಡಿ ಎನ್ನುವುದೂ ಇದೇ ಕಾರಣಕ್ಕೆ.

ರೋಗವನ್ನು ಗುರುತಿಸುವುದು

ಪುಸ್ತಕಗಳಲ್ಲಿ ಕಿವಿ, ಹೊಟ್ಟೆ, ತೊಡೆಯ ಒಳಭಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಬರೆದಿರುತ್ತದೆ. ಬಿಳಿ ಯಾರ್ಕ್‌ಶೈರ್ ಹಂದಿಯಲ್ಲಿ ಅದು ಹತ್ತು ಅಡಿ ದೂರದಿಂದಲೇ ಕಾಣುತ್ತದೆ. ನಮ್ಮ ನಾಟಿ ಕರಿ ಹಂದಿಯಲ್ಲಿ ಕಾಣುವುದೇ ಇಲ್ಲ. ಬಣ್ಣಕ್ಕಾಗಿ ಕಾಯುತ್ತಾ ಕೂತರೆ ಮೂರು ದಿನ ಕೈಬಿಟ್ಟಿರುತ್ತದೆ. ಕರಿ ಹಂದಿಯಲ್ಲಿ ನೋಡಬೇಕಾದದ್ದು ಕೆಳರೆಪ್ಪೆಯ ಒಳಭಾಗ, ಒಸಡು, ನಾಲಿಗೆಯ ಅಡಿ. ಹೆಬ್ಬೆರಳಿನಿಂದ ಕೆಳರೆಪ್ಪೆ ಇಳಿಸಿದಾಗ ಒಳಗೆ ತಿಳಿಗುಲಾಬಿ ಬದಲು ಕಡುಗೆಂಪು ಕಂಡರೆ, ಸೂಜಿಮೊನೆಯಷ್ಟು ರಕ್ತದ ಚುಕ್ಕಿ ಕಂಡರೆ, ಕಣ್ಣಂಚಿನಲ್ಲಿ ಪಿಸರು ಕಟ್ಟಿ ರೆಪ್ಪೆ ಅಂಟಿದ್ದರೆ ತಕ್ಷಣ ಜ್ವರ ನೋಡಿ.

ಔಷಧಿ ಅಂಗಡಿಯ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ದಾರ ಕಟ್ಟಿ, ಎಣ್ಣೆ ಸವರಿ, ಗುದದ್ವಾರದಲ್ಲಿ ಎರಡು ಇಂಚು ಒಳಗೆ, ಒಂದು ಪಕ್ಕಕ್ಕೆ ಒತ್ತಿ ಹಿಡಿಯಿರಿ. ಸಗಣಿಯ ನಡುವೆ ಚುಚ್ಚಿದರೆ ಅಳತೆ ಕಡಿಮೆ ತೋರಿಸುತ್ತದೆ. ಆರೋಗ್ಯವಂತ ಹಂದಿಯ ಮೈಶಾಖ 101.6ರಿಂದ 103.6 ಫ್ಯಾರನ್‌ಹೀಟ್. ಈ ಜ್ವರಗಳಲ್ಲಿ 105 ದಾಟಿ 107ರವರೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಒಂದು ಎಚ್ಚರಿಕೆ. ಹಂದಿಗೆ ಬೆವರುವ ಶಕ್ತಿ ಇಲ್ಲದ್ದರಿಂದ ಮಧ್ಯಾಹ್ನದ ಬಿಸಿಲಿಗೇ ಮೈ 105 ಮುಟ್ಟಬಹುದು. ಬೆಳಿಗ್ಗೆ ಆರಕ್ಕೆ ಅಳೆಯಿರಿ. ಮಧ್ಯಾಹ್ನ ಅನುಮಾನ ಬಂದರೆ ನೆರಳಿಗೆ ತಂದು ಮೈಮೇಲೆ ನೀರು ಹರಿಸಿ, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಬಿಸಿಲಿನದಾದರೆ ಇಳಿಯುತ್ತದೆ, ವೈರಸ್ಸಿನದಾದರೆ ಹಾಗೆಯೇ ನಿಲ್ಲುತ್ತದೆ.

ಕ್ಲಾಸಿಕಲ್ ಜ್ವರ ಸಾಮಾನ್ಯವಾಗಿ ನಿಧಾನ. ಹಂದಿಗಳು ಒಂದರ ಮೇಲೊಂದು ಬಿದ್ದು ಮಲಗುತ್ತವೆ, ಮೊದಲು ಮಲಬದ್ಧತೆ, ಆಮೇಲೆ ಹಳದಿ ಬೇಧಿ, ಹಿಂಗಾಲು ತೂರಾಡುವುದು, ಮರಿಗಳಲ್ಲಿ ನಡುಕ, ಗಬ್ಬದವು ಕಂದು ಹಾಕುವುದು. ಎರಡು ಮೂರು ವಾರ ನರಳಿ ಸಾಯುತ್ತವೆ. ಆಫ್ರಿಕನ್ ಜ್ವರದಲ್ಲಿ ರಾತ್ರಿ ಮೇವು ತಿಂದ ಹಂದಿ ಬೆಳಿಗ್ಗೆ ಸತ್ತಿರಬಹುದು. ಮೂಗಿನಲ್ಲಿ ರಕ್ತ ಬೆರೆತ ನೊರೆ, ಸಗಣಿಯಲ್ಲಿ ರಕ್ತ. ಇಲ್ಲಿ ಜನ ಮೋಸ ಹೋಗುವ ಸಂಗತಿ ಒಂದಿದೆ: ಆಫ್ರಿಕನ್ ಜ್ವರ ಕಾಲುಬಾಯಿ ರೋಗದಂತೆ ಒಂದೇ ದಿನ ಇಡೀ ಶೆಡ್ಡಿಗೆ ಹಬ್ಬುವುದಿಲ್ಲ. ಒಂದು ಸಾಯುತ್ತದೆ, ನಾಲ್ಕಾರು ದಿನ ಏನೂ ಇಲ್ಲ, ಮತ್ತೆ ಎರಡು ಸಾಯುತ್ತವೆ. ನಡುವಿನ ಆ ಬಿಡುವಿನಲ್ಲಿ 'ಹಾವು ಕಚ್ಚಿರಬೇಕು' ಎಂದು ಸುಮ್ಮನಾಗುತ್ತಾರೆ.

ಬೇರೆ ರೋಗಗಳೂ ಇವೆ. ಚರ್ಮದ ಮೇಲೆ ವಜ್ರಾಕೃತಿಯ ಉಬ್ಬಿದ ಗುರುತು ಇದ್ದು, ಪೆನಿಸಿಲಿನ್ ಕೊಟ್ಟ ಒಂದೆರಡು ದಿನದಲ್ಲಿ ಇಳಿದರೆ ಅದು ಎರಿಸಿಪೆಲಾಸ್ ಎಂಬ ಬ್ಯಾಕ್ಟೀರಿಯಾ ರೋಗ. ಗೊರಸಿನ ಸಂದಿನಲ್ಲಿ, ಮೂತಿಯಲ್ಲಿ ಗುಳ್ಳೆ ಎದ್ದು ಕುಂಟಿದರೆ ಕಾಲುಬಾಯಿ. ಯಾದಗಿರಿ, ಶಹಾಪುರದ ಕಡೆ ಹತ್ತಿ ಮತ್ತು ತೊಗರಿಗೆ ಔಷಧಿ ಹೊಡೆಯುವ ಕಾಲದಲ್ಲಿ ಜ್ವರವಿಲ್ಲದೆ ಜೊಲ್ಲು ಸುರಿಸಿ, ಕೈಕಾಲು ಸೆಟೆದು ಹಲವು ಹಂದಿ ಒಟ್ಟಿಗೆ ಬಿದ್ದರೆ ಕೀಟನಾಶಕದ ವಿಷ ಇರಬಹುದು. ಇವನ್ನೆಲ್ಲ ವೈದ್ಯರೇ ತೀರ್ಮಾನಿಸಲಿ.

ಅನುಮಾನ ಬಂದ ದಿನ

1. ಯಾವ ಹಂದಿಯೂ ಹೊರಗೆ ಹೋಗಬಾರದು, ಒಳಗೆ ಬರಬಾರದು. ಮಾಂಸವೂ ಅಷ್ಟೇ. ಗೇಟಿಗೆ ಬೀಗ ಹಾಕಿ, ವ್ಯಾಪಾರಿಗೆ ಫೋನಿನಲ್ಲೇ ಬೇಡವೆನ್ನಿ.

2. ಸ್ಥಳೀಯ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಕರೆ ಮಾಡಿ. ಎಷ್ಟು ಹಂದಿ, ಎಷ್ಟಕ್ಕೆ ಜ್ವರ, ಎಷ್ಟು ಡಿಗ್ರಿ, ಎಷ್ಟು ಸತ್ತಿವೆ, ಕೊನೆಯ ಲಸಿಕೆ ಯಾವಾಗ, ಕಳೆದ ತಿಂಗಳು ಹೊಸ ಹಂದಿ ತಂದಿದ್ದಿರಾ ಎಂಬುದನ್ನು ಮೊದಲ ಕರೆಯಲ್ಲೇ ಹೇಳಿ. ಎರಡೂ ಜ್ವರಗಳು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪಟ್ಟಿಯಲ್ಲಿವೆ. ಅನುಮಾನ ಬಂದಾಗ ತಿಳಿಸುವುದು ಮಾಲೀಕರ ಕಾನೂನುಬದ್ಧ ಹೊಣೆ, ಗ್ರಾಮ ಪಂಚಾಯಿತಿಗೂ ತಿಳಿಸಬಹುದು.

3. ಸತ್ತ ಹಂದಿಯನ್ನು ಕೊಯ್ಯಬೇಡಿ. ಆಫ್ರಿಕನ್ ಜ್ವರದಲ್ಲಿ ವೈರಸ್ ಅತಿ ಹೆಚ್ಚು ಇರುವುದು ರಕ್ತದಲ್ಲಿ. ಅಂಗಳದಲ್ಲಿ ಹೊಟ್ಟೆ ಸೀಳಿ ನೋಡಿದರೆ ಇಡೀ ಜಾಗ ಕೆಡುತ್ತದೆ. ಗುಲ್ಮ ಊದಿ ಕಪ್ಪಾಗಿದೆಯೇ, ಮೂತ್ರಪಿಂಡದ ಮೇಲೆ ರಕ್ತದ ಚುಕ್ಕಿ ಇದೆಯೇ ಎಂದು ನೋಡುವುದು ವೈದ್ಯರ ಕೆಲಸ. ಶವದ ಮೇಲೆ ತಾಡಪತ್ರಿ ಮುಚ್ಚಿ, ನಾಯಿ ಹದ್ದು ಮುಟ್ಟದಂತೆ ಕಾವಲಿರಿ.

4. ಜ್ವರ ಬಂದವನ್ನು ಬೇರೆ ಮಾಡುವ ಧಾವಂತದಲ್ಲಿ ಶೆಡ್ಡೆಲ್ಲ ಓಡಾಡಿಸಬೇಡಿ. ಇದ್ದಲ್ಲೇ ಇರಲಿ, ಪಕ್ಕದ ಕೋಣೆಯ ಹುಷಾರಿರುವವನ್ನೇ ದೂರ ಸರಿಸಿ. ಇವನ್ನು ನೋಡಿಕೊಳ್ಳುವವರು ಬೇರೆ, ಅವನ್ನು ನೋಡಿಕೊಳ್ಳುವವರು ಬೇರೆ ಇದ್ದರೆ ಉತ್ತಮ.

5. ಅಂಗಡಿಯಿಂದ ಇಂಜೆಕ್ಷನ್ ತಂದು ಒಂದೇ ಸೂಜಿಯಲ್ಲಿ ಎಲ್ಲಕ್ಕೂ ಚುಚ್ಚಬೇಡಿ. ಜ್ವರದ ಹಂದಿಯಿಂದ ಹುಷಾರಿರುವ ಹಂದಿಗೆ ವೈರಸ್ ದಾಟಿಸಲು ಇದಕ್ಕಿಂತ ಖಚಿತ ದಾರಿ ಇಲ್ಲ.

ವೈದ್ಯರು ರಕ್ತ ಮತ್ತು ಅಂಗಾಂಶದ ಮಾದರಿ ತೆಗೆದು ಐಸಿನಲ್ಲಿಟ್ಟು ಕಳಿಸುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಜ್ಯದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ. ಆಫ್ರಿಕನ್ ಜ್ವರದ ಖಚಿತ ಪರೀಕ್ಷೆಗೆ ಭೋಪಾಲಿನ ರಾಷ್ಟ್ರೀಯ ಅತಿಭದ್ರತಾ ಪಶುರೋಗ ಸಂಸ್ಥೆ ಇದೆ. ಬೀದರಿನ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಹತ್ತಿರವಿರುವುದು ಈ ಮೂರು ಜಿಲ್ಲೆಗಳ ಅದೃಷ್ಟ, ಸಲಹೆಗೆ ಅಲ್ಲಿನ ಕಾಲೇಜನ್ನು ಕೇಳಬಹುದು. ವರದಿ ಬರುವವರೆಗೆ ರೋಗ ಇದೆ ಎಂದೇ ತಿಳಿದು ನಡೆಯಿರಿ.

ಆಫ್ರಿಕನ್ ಜ್ವರ ಎಂದು ಖಚಿತವಾದರೆ ಸುತ್ತ 1 ಕಿಲೋಮೀಟರ್ ಸೋಂಕಿತ ವಲಯ, 10 ಕಿಲೋಮೀಟರ್ ಕಣ್ಗಾವಲು ವಲಯ ಎಂದು ಘೋಷಣೆಯಾಗುತ್ತದೆ. ಸೋಂಕಿತ ವಲಯದ ಹಂದಿಗಳನ್ನು ಇಲಾಖೆಯೇ ಕೊಂದು ವಿಲೇವಾರಿ ಮಾಡುತ್ತದೆ. ಪರಿಹಾರದ ಹಣವನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸುತ್ತವೆ. ಆ ಪರಿಹಾರ ಇಲಾಖೆ ಕೊಲ್ಲಿಸಿದ ಹಂದಿಗೆ, ತಾನಾಗಿ ಸತ್ತದ್ದಕ್ಕಲ್ಲ. ಮುಚ್ಚಿಟ್ಟು ದಿನ ದೂಡಿದಷ್ಟೂ ಕೈಗೆ ಬರುವ ಹಣವೇ ಕಡಿಮೆಯಾಗುತ್ತದೆ. ಕಿವಿಯೋಲೆ, ಲಸಿಕೆ ಪುಸ್ತಕ, ಹಂದಿಗಳ ಫೋಟೋ, ಎಣಿಕೆ ಮತ್ತು ಅಂದಾಜು ತೂಕದ ಪಟ್ಟಿ ಸಿದ್ಧವಿರಲಿ.

ಹೂಳುವುದು

ಸತ್ತ ಹಂದಿಯನ್ನು ಹಳ್ಳಕ್ಕೆ, ಕಾಲುವೆಗೆ, ಭೀಮಾ ನದಿಗೆ ಎಸೆಯುವುದು ಅಪರಾಧ, ಮೇಲಾಗಿ ಕೆಳಗಿನ ಊರಿಗೆ ರೋಗ ಕಳಿಸಿದಂತೆ. ಗುಂಡಿಯ ಜಾಗವನ್ನು ವೈದ್ಯರೊಂದಿಗೆ ಗುರುತಿಸಿ. ಆಳ ಕನಿಷ್ಠ 2 ಮೀಟರ್ ಇರಲಿ. ಶವದ ಮೇಲೆ ಮಣ್ಣೇ ಒಂದು ಮೀಟರಿಗಿಂತ ಹೆಚ್ಚು ಬರಬೇಕು. ಶವದ ಕೆಳಗೂ ಮೇಲೂ ಸುಣ್ಣದ ಪುಡಿಯ ಪದರ, ಶವ ಸಾಗಿಸಿದ ತಾಡಪತ್ರಿ, ಬಳಸಿದ ಹಗ್ಗ, ಉಳಿದ ಮೇವು ಎಲ್ಲವೂ ಅದರೊಳಗೆ.

ಮಣ್ಣಿನ ಗುಣ ನೋಡಬೇಕು. ಕಲಬುರಗಿ, ಯಾದಗಿರಿಯ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ ಕುಸಿಯುತ್ತದೆ. ಹಾಗಾಗಿ ಮೇಲೆ ದಿಬ್ಬದಂತೆ ಮಣ್ಣು ಒಟ್ಟಿ, ಮೊದಲ ಮಳೆಯ ನಂತರ ಮತ್ತೊಮ್ಮೆ ಬಿರುಕು ಮುಚ್ಚಿ. ಬೀದರಿನ ಜಂಬಿಟ್ಟಿಗೆ ನೆಲದ ತೊಂದರೆ ಬೇರೆ. ಅದು ನೀರನ್ನು ಸರಸರನೆ ಕೆಳಗಿಳಿಸುತ್ತದೆ, ಹಳೆಯ ಕರೇಜ್ ಸುರಂಗಗಳಿಗೆ ನೀರು ಬರುತ್ತಿದ್ದದ್ದೂ ಹೀಗೆಯೇ. ಅಲ್ಲಿ ಬಾವಿ, ಬೋರ್‌ವೆಲ್, ತೊರೆಯಿಂದ ಬಹಳ ದೂರವೇ ಹೂಳಬೇಕು. ಎರಡೂ ಕಡೆ ಮೇಲೆ ಬಳ್ಳಾರಿ ಜಾಲಿಯ ಮುಳ್ಳು ಹೊದಿಸಿ ಕಲ್ಲು ಹೇರಿ, ನಾಯಿ ಕೆದರುವುದಿಲ್ಲ.

ಶುದ್ಧಿ ಮತ್ತು ಮರುಸಾಕಣೆ

ಸಗಣಿಯ ಮೇಲೆ ಸುರಿದ ಔಷಧಿ ಸಗಣಿಯಲ್ಲೇ ಮುಗಿದುಹೋಗುತ್ತದೆ, ಆದ್ದರಿಂದ ಮೊದಲು ತೊಳೆಯುವುದು. ಗೊಬ್ಬರ, ಹುಲ್ಲು, ಮಣ್ಣನ್ನು ಕೆರೆದು ಸುಟ್ಟು ಅಥವಾ ಹೂಳಿ. 10 ಲೀಟರ್ ಬಿಸಿನೀರಿಗೆ 400 ಗ್ರಾಂ ಬಟ್ಟೆ ಒಗೆಯುವ ಸೋಡಾ ಹಾಕಿ ನೆಲ, ಗೋಡೆ, ತೊಟ್ಟಿ ಉಜ್ಜಿ, ನೀರು ಹೊಯ್ದು, ಒಣಗಲು ಬಿಡಿ. ಆಮೇಲೆ ಔಷಧಿ. 10 ಲೀಟರ್ ನೀರಿಗೆ 200 ಗ್ರಾಂ ಕಾಸ್ಟಿಕ್ ಸೋಡಾ ಅಗ್ಗ ಮತ್ತು ಪರಿಣಾಮಕಾರಿ. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರಲ್ಲ, ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ರಬ್ಬರ್ ಕೈಗವಸು, ಕನ್ನಡಕ ಬೇಕೇ ಬೇಕು, ಅಲ್ಯೂಮಿನಿಯಂ ಪಾತ್ರೆ ಬೇಡ. ಕಾಸ್ಟಿಕ್ ಸೋಡಾ ಬೇಡವೆನಿಸಿದರೆ 10 ಲೀಟರಿಗೆ 300 ಗ್ರಾಂ ಬ್ಲೀಚಿಂಗ್ ಪೌಡರ್. ಇದು ಹೊಸದಾಗಿ ಒಡೆದ ಚೀಲದ್ದಾಗಿರಬೇಕು. ಬಾಯಿ ತೆರೆದಿಟ್ಟ ಪೌಡರ್ ನಮ್ಮ ಸೆಕೆಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಎಸೆಯಿರಿ. ಬ್ಲೀಚಿಂಗ್ ಜೊತೆ ಆಸಿಡ್ ಆಗಲಿ ಫಿನೈಲ್ ಆಗಲಿ ಬೆರೆಸಬೇಡಿ, ವಿಷಗಾಳಿ ಏಳಬಹುದು. ಯಾವುದನ್ನು ಹಾಕಿದರೂ ಅರ್ಧ ಗಂಟೆ ಒದ್ದೆಯಾಗಿ ನಿಲ್ಲಬೇಕು, ಬೇಸಿಗೆಯಲ್ಲಿ ಸಂಜೆ ಹೊಡೆಯಿರಿ. ಫರಸಿ ಸಂದುಗಳನ್ನು ತಂತಿ ಬ್ರಷ್ಷಿನಿಂದ ಕೆರೆದು ಎರಡನೇ ಸಲ ಹೊಡೆಯಿರಿ. ಒಂದು ವಾರದ ನಂತರ ಇಡೀ ಕೆಲಸ ಇನ್ನೊಮ್ಮೆ.

ಕನಿಷ್ಠ 40 ದಿನ ಶೆಡ್ ಖಾಲಿ ಇರಲಿ. ಇಲಾಖೆಯ ಲಿಖಿತ ಒಪ್ಪಿಗೆ ಸಿಕ್ಕ ಮೇಲೆ ಮೊದಲು ಶೆಡ್ಡಿನ ಸಾಮರ್ಥ್ಯದ ಶೇ 10ರಷ್ಟು ಹಂದಿ ಮಾತ್ರ ತನ್ನಿ: 20 ಹಂದಿಯ ಜಾಗಕ್ಕೆ ಎರಡು. ಅವನ್ನು ಒಂದೇ ಕೋಣೆಯಲ್ಲಿ ಕಟ್ಟಬೇಡಿ, ಎಲ್ಲ ಕೋಣೆ, ಎಲ್ಲ ಮೂಲೆಯಲ್ಲೂ ತಿರುಗಾಡಲು ಬಿಡಿ. ಆರು ವಾರ ದಿನವೂ ಬೆಳಿಗ್ಗೆ ಜ್ವರ ಅಳೆದು ಬರೆದಿಡಿ. ಅವು ಹುಷಾರಾಗಿದ್ದು, ರಕ್ತ ಪರೀಕ್ಷೆಯಲ್ಲೂ ಏನೂ ಕಾಣದಿದ್ದರೆ ಉಳಿದವನ್ನು ತರಬಹುದು. ಅವಕ್ಕೂ ಮೊದಲು 30 ದಿನ ಬೇರೆ ಕೋಣೆ, ತಂದು ಒಂದು ವಾರ ಬಿಟ್ಟು ಕ್ಲಾಸಿಕಲ್ ಜ್ವರದ ಲಸಿಕೆ.